ಹೊದಿಕೆ ದಾಟದ ಹಿಡಿ

ಮಧ್ಯಾಹ್ನದ ಭೋಂಗಾ, ಅಂದರೆ ಊರಿನ ಸೈರನ್, ಕೂಗುವ ಹೊತ್ತಿಗೆ ನಮ್ಮ ಊರಿನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಚಹಾದಂಗಡಿಯವನು ಅರ್ಧ ಕುದಿದ ಹಾಲನ್ನು ಪಾತ್ರೆಯ ಸಮೇತ ಎತ್ತಿಕೊಂಡು ಮನೆಗೆ ಓಡುತ್ತಾನೆ. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಬೋಳಿಸಿಕೊಂಡವರು ಇನ್ನೊಂದು ಕೆನ್ನೆಯ ನೊರೆಯನ್ನು ಟವೆಲಿನಲ್ಲಿ ಒರೆಸಿಕೊಳ್ಳುತ್ತಲೇ ಎದ್ದು ಹೋಗುತ್ತಾರೆ. ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಎಲ್ಲರ ಮನೆಯಲ್ಲೂ ಆಗ ಒಬ್ಬರು ಪರದೆಯ ಮುಂದೆ ಕೂತು ಹಿಡಿ ನೋಡುತ್ತಿರುತ್ತಾರೆ. ಭೋಂಗಾ ಕೂಗಿದಾಗ ಯಾರ ಹಿಡಿಯಲ್ಲೂ ಇಲ್ಲದ್ದು ಊರಿನಲ್ಲಿ ಉಳಿಯುವುದಿಲ್ಲ. ಅದು ಕೊಡವಿರಲಿ, ಆಡಿರಲಿ, ಮನುಷ್ಯನಿರಲಿ, ಸದ್ದಿಲ್ಲದೆ ಹೋಗುತ್ತದೆ. ಎಲ್ಲಿಗೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ನಮ್ಮ ಕಡೆ ಮನೆ ಕಟ್ಟುವುದಿಲ್ಲ, ಬರೆಯುತ್ತಾರೆ. ಪರದೆಯ ಮೇಲೆ ಕೋಡ್ ಬರೆದು ಗುಂಡಿ ಒತ್ತಿದರೆ ಗೋಡೆ ಗೋಡೆಯಾಗಿ ನಿಲ್ಲುತ್ತದೆ, ಬಾಗಿಲು ಬಾಗಿಲಾಗಿ ನಿಲ್ಲುತ್ತದೆ. ನಾನು ಆ ಬರೆಯುವ ಆಫೀಸಿನಲ್ಲೇ ಕೆಲಸಕ್ಕಿದ್ದೇನೆ. ನನ್ನ ಪಾಲಿಗೆ ಬಂದಿರುವುದು ಹೊದಿಕೆಗಳು. ಇರುವ ಕೋಣೆ ಇದ್ದ ಹಾಗೇ ಇರಬೇಕು, ಆದರೆ ಸೊಳ್ಳೆ ಬರಬಾರದು, ಬಿಸಿಲು ಬಡಿಯಬಾರದು, ಪಕ್ಕದ ಮನೆಯವರ ಜಗಳ ಕೇಳಿಸಬಾರದು ಎನ್ನುವವರಿಗೆ ಕೋಣೆಯ ಸುತ್ತ ಇನ್ನೊಂದು ಪದರ ಬರೆದು ಹೊದಿಸುವುದು ನನ್ನ ಕೆಲಸ. ಹಿಡಿಗೆ ನಾವು ಆಫೀಸಿನಲ್ಲಿ ರೆಫ್ ಎನ್ನುತ್ತೇವೆ, ಮನೆಗೆ ಬಂದರೆ ಹಿಡಿಯೇ. ಅದು ಪರದೆಯ ಮೇಲಿನ ಒಂದು ಸಾಲು, ಅಷ್ಟೇ. ಈಗ ಯಾವುದನ್ನು ಹಿಡಿದಿದೆಯೋ ಅದರ ಹೆಸರು ಪಕ್ಕದಲ್ಲಿ ಮೂಡಿರುತ್ತದೆ. ಒಂದು ಹಿಡಿ ಒಂದನ್ನೇ ಹಿಡಿಯುತ್ತದೆ. ಹಿಡಿದದ್ದು ಉಳಿಯುತ್ತದೆ, ಅದರೊಳಗಿರುವುದೂ ಉಳಿಯುತ್ತದೆ. ಬಾಗಿಲು ತೆರೆಯುವುದೂ ಹಿಡಿಯಿಂದಲೇ, ನಮ್ಮ ಬಾಗಿಲುಗಳಿಗೆ ಚಿಲಕ ಇಲ್ಲ.

ತೊಂದರೆ ಶುರುವಾಗುವುದು ಹೊದಿಕೆಯಿಂದ. ಕೋಣೆಗೆ ಹೊದಿಕೆ ಬಿತ್ತೆಂದರೆ ಹಿಡಿ ಮೊದಲು ಹೋಗುವುದು ಹೊದಿಕೆಯ ಹತ್ತಿರ. ಹೊದಿಕೆ ಅದನ್ನು ತಾನಿಟ್ಟುಕೊಳ್ಳದೆ ಒಳಗೆ ದಾಟಿಸಬೇಕು. ದಾಟಿಸು ಎಂದು ಬರೆದಿದ್ದರೆ ದಾಟಿಸುತ್ತದೆ. ಬರೆಯದಿದ್ದರೆ ತಾನೇ ಹಿಡಿಯಲ್ಲಿ ಕೂತುಬಿಡುತ್ತದೆ, ಮನೆಯ ದೊಡ್ಡ ಹಿಡಿಯೂ ಅದರಾಚೆಗೆ ಮುಟ್ಟುವುದಿಲ್ಲ. ಪರದೆಯಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ, ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಭೋಂಗಾ ಆದ ಮೇಲೆ ಹೋಗಿ ನೋಡಿದರೆ ಹೊದಿಕೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಗಿರಣಿ ಓಣಿಯಲ್ಲಿ ಅಂಥದೊಂದು ಈಗಲೂ ಇದೆ. ಹಳದಿ ಹೂವಿನ ಚಿತ್ತಾರದ ಚೆಂದದ ಹೊದಿಕೆ. ಅದರ ಮುಂದೆ ಮಕ್ಕಳು ಆಡುವುದಿಲ್ಲ. ನಾನು ಆಫೀಸಿಗೆ ಹೋಗುವಾಗ ಸುತ್ತು ಹಾಕಿ ಬೇರೆ ಓಣಿಯಿಂದ ಹೋಗುತ್ತೇನೆ. ನನಗೆ ಮೊದಲಿನಿಂದಲೂ ಪುಕ್ಕಲು ಸ್ವಭಾವ. ಅದನ್ನು ಮುಚ್ಚಿಕೊಳ್ಳಲು ಬಾಯಿ ಜೋರು ಮಾಡಿಕೊಂಡಿದ್ದೇನೆ ಎಂದು ನಮ್ಮಕ್ಕ ಮಹಾನಂದಾ ಹೇಳುತ್ತಾಳೆ.

ಅಕ್ಕ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ಬಾಣಂತಿಗೆಂದು ಒಳಕೋಣೆಯನ್ನು ನಾನೇ ಬರೆದಿದ್ದೆ. ಅಕ್ಕನಿಗೆ ಬೆಳಕು ಬೇಕು ಎಂದು ಒಂದು ಸಣ್ಣ ಕಿಟಕಿ ಇಟ್ಟಿದ್ದೆ. ಆ ಕಿಟಕಿಯನ್ನು ಕಂಡ ದಿನದಿಂದ ನಮ್ಮ ದೊಡ್ಡವ್ವನಿಗೆ ಊಟ ಸೇರಲಿಲ್ಲ. ದೊಡ್ಡವ್ವ ಅಂದರೆ ಅವ್ವನ ಅಕ್ಕ. ಬಾಣಂತನ ಮಾಡುವುದರಲ್ಲಿ ಓಣಿಗೆಲ್ಲ ಹೆಸರಾದವಳು. ಅವಳು ನೀರು ಎರೆದ ಕೂಸು ಮೂಗು ನೆಟ್ಟಗಾಗಿ ಬೆಳೆಯುತ್ತದೆ ಎಂಬುದು ಅವಳದೇ ಮಾತು. ಅವ್ವ ಹುಟ್ಟಿದಾಗಿನಿಂದ ಅವಳ ಮಾತಿಗೆ ಎದುರಾಡಿದವಳಲ್ಲ.

ಆ ದಿನ ಆಫೀಸಿನಿಂದ ಭೋಂಗಾಕ್ಕೆ ಇನ್ನೂ ಹೊತ್ತಿರುವಾಗಲೇ ಮನೆಗೆ ಬಂದೆ. ಪಡಸಾಲೆಯಲ್ಲಿ ಲೋಬಾನದ ವಾಸನೆ ತುಂಬಿತ್ತು. ಒಳಕೋಣೆ ಕಾಣಿಸಲಿಲ್ಲ. ಅದು ಇದ್ದ ಜಾಗದಲ್ಲಿ ದಪ್ಪನೆಯ, ಕಂದು ಬಣ್ಣದ, ಬಾಚಿ ಮಲಗಿಸಿದ ಕುರಿಯ ಉಣ್ಣೆಯಂಥದೊಂದು ನಿಂತಿತ್ತು.

"ಇದೇನಿದು?" ಎಂದೆ.

"ಬೆಚ್ಚಗೂಡು" ಎಂದಳು ದೊಡ್ಡವ್ವ. ಮುಖದಲ್ಲಿ ಗೆಲುವು ಉಕ್ಕುತ್ತಿತ್ತು. "ಸಂತ್ಯಾಗಿಂದ ತಂದೀನಿ. ಬಾಣಂತಿ ಕೋಣಿಗೆ ಯಾರರ ಕಿಟಕಿ ಇಡ್ತಾರೇನ? ಥಂಡಿ ಹೊಕ್ಕು ನಾಳೆ ಆಕಿ ಸೊಂಟ ಹಿಡಕೊಂಡು ಕುಂತರ ನೀ ಎಣ್ಣಿ ತಿಕ್ಕತೀ? ಈಗ ನೋಡು, ಗಾಳಿ ಸೈತ ಬಿಸಿ ಆಗಿ ಒಳಗ ಹೊಕ್ಕತೈತಿ. ನಿಮ್ಮವ್ವನ ಕೈಲೇ ಗುಂಡಿ ಒತ್ತಿಸೀನಿ."

"ನನ್ನ ಒಂದು ಮಾತು ಕೇಳಬೇಕಿತ್ತಿಲ್ಲ?"

"ನಿನ್ನ ಕೇಳಿದ್ರ ಅದಕೂ ನಾಕು ಕಿಟಕಿ ಇಡತಿದ್ದಿ."

ಅವ್ವ ಪರದೆಯ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದಳು. "ಕೈಕಾಲು ತೊಳಕೊ ಚಂಪಿ, ಹಿಡಿ ನಾ ಆಗಲೇ ನೋಡೇನಿ, ದೀಪ ಹಸರ ಐತಿ" ಎಂದಳು. ನಾನು ಬಗ್ಗಿ ನೋಡಿದೆ. ದಿನವೂ ಅಲ್ಲಿ 'ಒಳಕೋಣೆ' ಎಂದು ಇರುತ್ತಿತ್ತು. ಈಗ 'ಬೆಚ್ಚಗೂಡು' ಎಂದಿತ್ತು.

ಕೈ ಚಾಚಿ ತೆರೆಯುವ ಗುಂಡಿ ಒತ್ತಿದೆ. ಒಳಕೋಣೆಯ ಬಾಗಿಲು ತೆರೆದು ಅಕ್ಕನ ಮುಖ ಕಾಣಬೇಕಿತ್ತು. ಕಂದು ಹೊದಿಕೆಯ ಮೈ ಒಮ್ಮೆ ಜುಮ್ಮೆಂದಿತು, ಅಷ್ಟೇ. ಇನ್ನೊಮ್ಮೆ ಒತ್ತಿದೆ. ಮತ್ತೆ ಜುಮ್ಮೆಂದಿತು. ಹಿಡಿ ಎಳೆದರೆ ಒಳಕೋಣೆಯ ಗಂಟೆ ಕಿಣಿ ಎನ್ನಬೇಕು ಎಂದು ಬರೆದಿದ್ದೆ. ಎಳೆದೆ. ಗಂಟೆಯ ಸದ್ದಿಲ್ಲ.

"ಗಂಟಿ ಮುಂಜಾನಿಂದ ಕೇಳವಲ್ದು" ಎಂದಳು ಅವ್ವ. "ಹೊದಿಕಿ ದಪ್ಪ ಐತಲ್ಲ, ಅದಕ ಇರಬೇಕು."

"ಅವ್ವಾ, ನೀ ಹಿಡಿದಿದ್ದು ಅಕ್ಕನ್ನ ಅಲ್ಲ. ಬರೇ ಹೊದಿಕಿ ಹಿಡಕೊಂಡು ಕುಂತೀದಿ."

ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗಿರಣಿ ಓಣಿಯದು ನೆನಪಾಯಿತೇನೋ, ಕಣ್ಣು ದೊಡ್ಡವಾದವು. ದೊಡ್ಡವ್ವ ಮಾತ್ರ ಲೋಬಾನದ ಕೆಂಡ ಕೆದಕುತ್ತ, "ಹಸರ ದೀಪ ಉರಿಯಾಕತ್ತೈತಿ, ಇಕಿ ಒಬ್ಬಾಕಿ ಶಾಣ್ಯಾಕಿ" ಎಂದಳು.

ಬೆಚ್ಚಗೂಡಿನ ಒಳಬರಹ ತೆರೆದೆ. ಸಂತೆಯ ಮಾಲಿನ ಒಳಬರಹವನ್ನು ಕಂಡವರಿಗೇ ಗೊತ್ತು. ಬಿಡುವಿಲ್ಲ, ಸಾಲಿಲ್ಲ, ಹೆಸರುಗಳನ್ನೆಲ್ಲ ಕತ್ತರಿಸಿ ಒಂದೊಂದು ಅಕ್ಷರ ಮಾಡಿ, ಉಸಿರು ಬಿಡಲೂ ಜಾಗವಿಲ್ಲದ ಹಾಗೆ ಅಡಕಿದ್ದರು. ಆದರೂ ನನ್ನ ಕಸುಬು ಅದೇ, ಮೇಲುನೋಟಕ್ಕೆ ಅದರ ನಡವಳಿಕೆ ತಿಳಿಯಿತು. ಬೆಳಕು ಕೊಟ್ಟರೆ ಬೆಳಕು, ಬಿಸಿನೀರು ಕೊಟ್ಟರೆ ಬಿಸಿನೀರು, ಊಟ ಕೊಟ್ಟರೆ ಊಟ, ಕೊಟ್ಟದ್ದನ್ನೆಲ್ಲ ಅದು ನಿಯತ್ತಾಗಿ ಒಳಗೆ ದಾಟಿಸುತ್ತಿತ್ತು. ಹಿಡಿ ಒಂದನ್ನು ಬಿಟ್ಟು. ಹಿಡಿ ಎಂಬ ಹೆಸರಿನಲ್ಲಿ ಬಂದದ್ದು ಅದರ ಹತ್ತಿರವೇ ಉಳಿಯುತ್ತಿತ್ತು. ತಿದ್ದಬಹುದಿತ್ತು. ಆದರೆ ಆ ಗೋಜಲಿನಲ್ಲಿ ತಿದ್ದುವ ಜಾಗ ಹುಡುಕಲು ಅರ್ಧ ದಿನ ಬೇಕು. ಭೋಂಗಾಕ್ಕೆ ಅಷ್ಟು ಹೊತ್ತಿರಲಿಲ್ಲ.

"ಕಿತ್ತ ಒಗಿ ಅದನ್ನ!" ಎಂದಳು ಅವ್ವ.

"ಕಿತ್ತರ ಈರಭದ್ರಪ್ಪ ಆಗ್ತಾಳ."

ಈರಭದ್ರಪ್ಪ ಹತ್ತಿ ಓಣಿಯವನು. ಅವನು ಒಳಗಿರುವಾಗ ಅವನ ಹೆಂಡತಿ ಗಾಬರಿಯಲ್ಲಿ ಹೊದಿಕೆ ಕಿತ್ತುಹಾಕಿದಳು. ಹೊದಿಕೆ ತೆಗೆದರೆ ಒಳಗಿರುವುದೆಲ್ಲ ಬಿದ್ದು ಹೊಸದಾಗಿ ಏಳುತ್ತದೆ. ಈರಭದ್ರಪ್ಪನೂ ಎದ್ದ. ಅದೇ ಮೀಸೆ, ಅದೇ ಮಚ್ಚೆ. ಆದರೆ ಹಿಂದಿನದು ಒಂದೂ ಇಲ್ಲ. ಈಗಲೂ ಕಟ್ಟೆಯ ಮೇಲೆ ಕೂತು, ತಟ್ಟೆ ತಂದಿಟ್ಟ ಹೆಂಡತಿಗೆ "ನೀವ್ಯಾರ ಮನ್ಯಾವರ್ರಿ?" ಎಂದು ಕೇಳುತ್ತಾನೆ. ಅವಳು ದಿನಾ ಹೇಳುತ್ತಾಳೆ.

ನಿಜ ಹೇಳಬೇಕೆಂದರೆ ಎದ್ದು ಓಡಿಹೋಗಬೇಕು ಎನಿಸಿತು. ಯಾವುದಾದರೂ ಬೇರೆ ಮನೆಗೆ ನುಗ್ಗಿ, ಬೇರೆಯವರ ಹಿಡಿಯಲ್ಲಿ ಕೂತು, ಕಿವಿ ಮುಚ್ಚಿಕೊಂಡರೆ ಇದನ್ನು ನೋಡುವುದು ತಪ್ಪುತ್ತದೆ ಎನಿಸಿತು. ಆಗ ಹೊರಗೆ ಭೋಂಗಾದ ಮೊದಲ ಸಣ್ಣ ಕೂಗು ಕೇಳಿಸಿತು. ಅದು ಎಲ್ಲರೂ ಮನೆ ಸೇರಿಕೊಳ್ಳಿ ಎನ್ನುವ ಎಚ್ಚರಿಕೆ. ಬೀದಿಯಲ್ಲಿ ಚಪ್ಪಲಿಗಳ ದಡಬಡ ಎದ್ದು ಅಡಗಿತು.

ದೊಡ್ಡವ್ವ ಕೂಸಿಗೆಂದು ತಂದ ಕರಿ ಉಡದಾರ ಅವಳ ಮೊಣಕೈ ಪಕ್ಕದ ತಟ್ಟೆಯಲ್ಲಿ, ಅರಿಷಿಣದ ಕೊಂಬಿನ ಜೊತೆ ಬಿದ್ದಿತ್ತು. ತೊಟ್ಟಿಲ ದಿನ ಅಳತೆಗೆ ಕತ್ತರಿಸಿ ಕಟ್ಟಬೇಕೆಂದು ಉದ್ದಕ್ಕೇ ಇಟ್ಟದ್ದು. ನನ್ನ ಕಣ್ಣು ಅದರ ಮೇಲೆ ನಿಂತಿತು. ಹಿಡಿಯನ್ನು ಹಿಡಿ ಎಂದು ಕೊಟ್ಟರೆ ತಾನೇ ಹೊದಿಕೆ ಇಟ್ಟುಕೊಳ್ಳುವುದು? ಬೇರೆ ಹೆಸರಿನಲ್ಲಿ ಕೊಟ್ಟರೆ ಹಿಡಿ ಆ ಹೆಸರಿನ ವಸ್ತುವಿನ ರೂಪದಲ್ಲೇ ಹೋಗುತ್ತದೆ, ಹೊದಿಕೆಗೆ ಗೊತ್ತೇ ಆಗುವುದಿಲ್ಲ, ಬಿಸಿನೀರಿನ ಹಾಗೆ, ಊಟದ ಹಾಗೆ ದಾಟಿಸಿಬಿಡುತ್ತದೆ. ಆಫೀಸಿನಲ್ಲಿ ಹಳಬರು ಅವಸರಕ್ಕೆ ಹಾಗೆ ಮಾಡುವುದನ್ನು ನೋಡಿದ್ದೆ, ಬೈದೂ ಇದ್ದೆ. ಈಗ ಬೆಚ್ಚಗೂಡಿನ ಸಾಲಿನಲ್ಲಿ ಹಿಡಿ ಎಂಬ ಹೆಸರನ್ನು ಅಳಿಸಿ ಆ ಜಾಗದಲ್ಲಿ 'ಉಡದಾರ' ಎಂದು ಬರೆದೆ. ಎರಡು ಸಲ ತಪ್ಪು ಬರೆದು ಅಳಿಸಿದೆ. ಗುಂಡಿ ಒತ್ತಿದೆ.

ಹಸಿರು ದೀಪ ಆರಿತು. ಹಿಡಿಯ ಪಕ್ಕದಲ್ಲಿ 'ಖಾಲಿ' ಎಂದು ಮೂಡಿತು.

ಅವ್ವ ಚೀರಿದಳು. ನಮ್ಮ ಊರಿನಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಓದುವುದಿಲ್ಲ. ಖಾಲಿಯಾದ ಡಬ್ಬಿಯನ್ನೂ ತುಂಬಿಬಂತು ಎನ್ನುತ್ತಾರೆ.

"ಇರವ್ವಾ, ಚೀರಬ್ಯಾಡ. ದಾರ ಒಳಗ ಹೋಗೇತಿ. ಅಕ್ಕ ಅದನ್ನ ಎದಕ್ಕ ಕಟ್ಟತಾಳೋ ಅದು ನಮ್ಮ ಹಿಡಿಗೆ ಬರತೈತಿ."

ಹೋಗಿದೆಯೋ ಇಲ್ಲವೋ ನೋಡುವ ದಾರಿ ಇರಲಿಲ್ಲ. ಹೊದಿಕೆಯೊಳಕ್ಕೆ ಎಲ್ಲ ಹೋಗುತ್ತಿತ್ತು, ಒಳಗಿನದು ಹೊರಗೆ ಬರುತ್ತಿರಲಿಲ್ಲ. ನಮ್ಮ ದನಿ ಅಕ್ಕನಿಗೆ ಕೇಳಿಸುತ್ತದೆ, ಅಕ್ಕನ ದನಿ ನಮಗೆ ಕೇಳಿಸುವುದಿಲ್ಲ. ನಾನು ಹೋಗಿ ಆ ಉಣ್ಣೆಗೆ ಬಾಯಿ ಹಚ್ಚಿದೆ. ಬೆಚ್ಚಗಿತ್ತು. ಅದು ಬೆಚ್ಚಗಿರುವುದೇ ನನಗೆ ಹೇಸಿಗೆ ತರಿಸಿತು.

"ಅಕ್ಕಾ, ನಾ ಚಂಪಿ. ಅಂಜಬ್ಯಾಡ. ಒಂದು ಕರಿ ದಾರ ಬಂದೈತಿ ನೋಡು. ಅದು ಹಿಡಿ. ಈ ಗೂಡು ಹಿಡಿ ದಾಟಸವಲ್ದು, ಅದಕ ದಾರ ಮಾಡಿ ಕಳಿಸೀನಿ. ಭೋಂಗಾ ಆಗೂದ್ರಾಗ ಕಟ್ಟಬೇಕು."

ಎಲ್ಲಿಗೆ ಕಟ್ಟು ಎಂದು ಹೇಳಲಿ? ಕೋಣೆಯ ಕಂಬಕ್ಕೆ ಕಟ್ಟಿದರೆ ಕೋಣೆಯೇ ಉಳಿಯುತ್ತದೆ, ಇಬ್ಬರೂ ಉಳಿಯುತ್ತಾರೆ. ಆದರೆ ಬೆಚ್ಚಗೂಡಿಗೂ ಕಂಬಗಳಿರುತ್ತವೆ, ಕೋಣೆಯ ಕಂಬಕ್ಕೇ ಅಂಟಿಕೊಂಡು ಏಳುತ್ತವೆ. ಅಕ್ಕನಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ತಪ್ಪು ಕಂಬಕ್ಕೆ ಕಟ್ಟಿದರೆ ಮತ್ತೆ ಹೊದಿಕೆಯನ್ನೇ ಹಿಡಿದ ಹಾಗೆ. ಕೂಸಿನ ಸೊಂಟಕ್ಕೆ ಕಟ್ಟಿದರೆ ಕೂಸು ಉಳಿಯುತ್ತದೆ, ಅಕ್ಕ ಹೋಗುತ್ತಾಳೆ. ಅಕ್ಕನ ಕೈಗೆ ಕಟ್ಟಿದರೆ ಕೂಸು ಹೋಗುತ್ತದೆ. ಹೋದ ತಿಂಗಳಾಗಿದ್ದರೆ ಒಂದು ಹಿಡಿ ಇಬ್ಬರಿಗೂ ಸಾಕಾಗಿತ್ತು. ಬಸುರಿಯನ್ನು ಒಂದೇ ಎಂದು ಹಿಡಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಹೆತ್ತ ಮೇಲೆ ಎಷ್ಟು ದಿನ ಒಂದೆನ್ನುತ್ತದೆ, ಯಾವಾಗಿನಿಂದ ಎರಡೆನ್ನುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಪರೀಕ್ಷೆ ಮಾಡಿ ನೋಡುವಂಥದ್ದಲ್ಲ ಅದು.

"ಅಕ್ಕಾ, ಕೇಳು. ಕೂಸಿನ ಅರಿವಿ ಎಲ್ಲಾ ಬಿಚ್ಚು. ಕುಲಾಯಿ, ದುಪ್ಪಟಿ, ಎಲ್ಲಾ. ನಿನ್ನ ಕುಬಸಾನೂ ಬಿಚ್ಚು. ಮೈಗೆ ಮೈ ಹಚ್ಚಿ ಅವಚಿಗೋ. ನಡುವ ಒಂದು ಎಳಿ ಸೈತ ಇರಬಾರದು. ಇಬ್ಬರನ್ನೂ ಕೂಡಿಸಿ ದಾರ ಸುತ್ತಿ ಗಂಟ ಹಾಕು."

ಇಷ್ಟು ಹೊತ್ತು ಕೆಂಡ ಕೆದಕುತ್ತಿದ್ದ ದೊಡ್ಡವ್ವ ದಡಕ್ಕನೆ ಎದ್ದು ಬಂದಳು. "ಏ ಮಾರಾಯ್ತಿ, ಹುಚ್ಚ ಹಿಡದೈತೇನ ನಿನಗ? ಹಸಿ ಮೈಯಾಕಿನ್ನ ಬಿಚ್ಚಂದ್ರ!" ನನ್ನನ್ನು ಭುಜದಿಂದ ಸರಿಸಿ ತಾನೇ ಹೊದಿಕೆಗೆ ಬಾಯಿ ಹಚ್ಚಿದಳು. "ನಂದಾ, ಬಿಚ್ಚಬ್ಯಾಡವ್ವಾ! ನಾ ಹೇಳಾಕತ್ತೀನಿ, ದೊಡ್ಡವ್ವ! ಕೂಸಿನ ನೆತ್ತಿಗೆ ಥಂಡಿ ಹತ್ತಿದ್ರ ನೀಗಂಗಿಲ್ಲ. ಕಿವಿ ಕಟಗೊಂಡು ಸುಮ್ಮನ ಮಕ್ಕೊ!"

"ಅಕ್ಕಾ, ಬಿಚ್ಚು!"

"ಬಿಚ್ಚಬ್ಯಾಡ!"

ಎರಡೂ ದನಿ ಒಳಗೆ ಹೋಗುತ್ತಿದ್ದವು. ಒಳಗೆ ಅಕ್ಕ ಒಬ್ಬಳೇ, ಮಡಿಲಲ್ಲಿ ಕೂಸು, ಕೈಯಲ್ಲಿ ಕರಿ ದಾರ. ಅವಳು ಹುಟ್ಟಿದಾಗಿನಿಂದ ದೊಡ್ಡವ್ವನ ಮಾತು ಮೀರಿದವಳಲ್ಲ. ನನ್ನ ಮಾತನ್ನು ಎಂದೂ ಪೂರ್ತಿ ಕೇಳಿದವಳೂ ಅಲ್ಲ. ನನಗೆ ಅಳು ಬಂತು. ಆಗ ಅವ್ವ ಪರದೆಯ ಮುಂದಿನಿಂದ ಎದ್ದಳು. ಬಂದವಳೇ ತನ್ನ ಸೆರಗಿನ ತುದಿಯನ್ನು ಉಂಡೆ ಮಾಡಿ ದೊಡ್ಡವ್ವನ ಬಾಯಿಗೆ ತುರುಕಿ, ಎರಡೂ ಕೈಯಿಂದ ಅದುಮಿ ಹಿಡಿದಳು. ದೊಡ್ಡವ್ವ ಕೊಸರಾಡಿದಳು. ಅವ್ವ ಬಿಡಲಿಲ್ಲ.

"ನಂದಾ, ಚಂಪಿ ಹೇಳಿದಂಗ ಮಾಡು" ಎಂದಳು ಅವ್ವ, ಮೆಲ್ಲಗೆ, ಪಕ್ಕದಲ್ಲಿ ಕೂತವಳಿಗೆ ಹೇಳುವ ಹಾಗೆ.

ನಾನು ಪರದೆಗೆ ಓಡಿದೆ. 'ಖಾಲಿ' ಎಂದೇ ಇತ್ತು. ಅದನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಅಕ್ಷರ ಅಲುಗಿದವು. 'ಮಹಾನಂದಾ' ಎಂದು ಮೂಡಿತು. ಹಸಿರು ದೀಪ ಹತ್ತಿತು.

ಅಕ್ಕ ಸಿಕ್ಕಳು. ನನಗೆ ಮೊದಲು ಬಂದದ್ದು ಖುಷಿಯೇ. ಅದರ ಹಿಂದೆಯೇ ಹೆದರಿಕೆ ಬಂತು, ಕೂಸು ಎಲ್ಲಿ? ದಾರ ಅವಳ ಕೈಗೋ ಕೊರಳಿಗೋ ಬಿದ್ದಿದೆ, ಕೂಸನ್ನು ಇನ್ನೂ ಸೇರಿಸಿಕೊಂಡಿಲ್ಲ. "ಅಕ್ಕಾ, ನೀ ಒಬ್ಬಾಕಿನ ಬಂದಿ! ಕೂಸನ್ನ ಕೂಡಿಸಿ ಸುತ್ತು!" ಎಂದು ಇದ್ದಲ್ಲಿಂದಲೇ ಕಿರುಚಿದೆ. ಹೆಸರು ಅಳಿಸಿತು. ಮತ್ತೆ 'ಖಾಲಿ'. ಅವಳು ದಾರ ಬಿಚ್ಚಿದ್ದಳು. ಊರಲ್ಲೆಲ್ಲ ಸದ್ದಡಗಿತ್ತು, ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಭೋಂಗಾಕ್ಕೆ ಮುಂಚೆ ಹಾಗೇ ಆಗುತ್ತದೆ. ಆಮೇಲೆ ಅಲ್ಲಿ ಮೂಡಿದ್ದು ಅಕ್ಕನ ಹೆಸರಲ್ಲ.

'ಹೆಸರಿಲ್ಲ' ಎಂದು ಮೂಡಿತು.

ಇನ್ನೂ ಹೆಸರಿಡದ ಕೂಸು. ಅಕ್ಕ ತನ್ನ ಮೈಮೇಲಿನ ದಾರ ಬಿಚ್ಚಿ ಅದರ ಸೊಂಟಕ್ಕೆ ಕಟ್ಟಿದ್ದಾಳೆ ಎಂದುಕೊಂಡೆ. ಇಬ್ಬರನ್ನು ಕೂಡಿಸಿದರೆ ಹಿಡಿಯುತ್ತದೋ ಇಲ್ಲವೋ ಎಂದು ಅವಳಿಗೆ ನಂಬಿಕೆ ಬಂದಿಲ್ಲ, ಒಂದಾದರೂ ಗಟ್ಟಿಯಾಗಿ ಉಳಿಯಲಿ ಎಂದು ಕೂಸನ್ನು ಆರಿಸಿದ್ದಾಳೆ ಎಂದುಕೊಂಡೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭೋಂಗಾ ಕೂಗಿತು.

ಅದು ಎಷ್ಟು ಹೊತ್ತು ಕೂಗುತ್ತದೆ ಎಂದು ನನಗೆ ಯಾವತ್ತೂ ತಿಳಿದಿಲ್ಲ. ನಿಂತಾಗ ಪರದೆಯ ಮೇಲೆ ಅದೇ ಇತ್ತು, ಹಸಿರು ದೀಪ, 'ಹೆಸರಿಲ್ಲ'. ಹೊದಿಕೆಯ ಹತ್ತಿರ ಹೋಗಿ "ಅಕ್ಕಾ" ಎಂದೆ. ಒಳಗಿನದು ಹೊರಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಉತ್ತರಕ್ಕೆ ಕಾದೆ. ಅವ್ವ ಬಂದು ಪರದೆ ನೋಡಿದಳು. ಓದಿದಳು. ಅವಳು ಅಳಲಿಲ್ಲ. ಅಡಿಗೆಮನೆಗೆ ಹೋಗಿ ಅಳವಿ ಪಾಯಸಕ್ಕೆ ಎಸರಿಟ್ಟಳು. ಬಾಣಂತಿಗೆ ದಿನಾ ಆ ಹೊತ್ತಿಗೆ ಕೊಡುತ್ತಿದ್ದದ್ದು. ಬೆಲ್ಲ ಕುಟ್ಟುವ ಸದ್ದು ಕೇಳಿಸಿತು. ದೊಡ್ಡವ್ವ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದಳು.

"ನಾ ಆಕಿ ಚೊಲೋದಕ್ಕ ಅಂತ ತಂದಿದ್ನೆವಾ" ಎಂದಳು ಒಮ್ಮೆ. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆ ತುಂಬಿದಲ್ಲಿ ಬೇರೆ ಏನೂ ಹಿಡಿಸುವುದಿಲ್ಲ.

ಬೆಚ್ಚಗೂಡನ್ನು ಇದ್ದಲ್ಲೇ ತಿದ್ದಲು ಕೂತೆ. ಕೀಳದೆ ತಿದ್ದಿದರೆ ಒಳಗಿನದಕ್ಕೆ ಏನೂ ಆಗುವುದಿಲ್ಲ. ಉಳಿದಿದ್ದರೆ. ಒಂದೊಂದೇ ಅಕ್ಷರದ ಹೆಸರುಗಳ ಹಿಂದೆ ಹೋಗಿ, ದಾರಿ ತಪ್ಪಿ, ಮತ್ತೆ ಮೊದಲಿಂದ ಬಂದು ಹುಡುಕಿದೆ. ಅವ್ವ ಪಾಯಸದ ಬಟ್ಟಲು ತಂದು ಹೊದಿಕೆಗೆ ಕೊಟ್ಟಳು. ಅದು ಒಳಗೆ ಹೋಯಿತು. ಬಟ್ಟಲು ಕೊಟ್ಟ ಮೇಲೆ ಅಲ್ಲೇ ನಿಂತಳು, ಯಾರಾದರೂ ತೆಗೆದುಕೊಂಡರೇ ಎಂದು ನೋಡುವವಳ ಹಾಗೆ. ಬಿಸಿಲು ಪಡಸಾಲೆಯಿಂದ ಹೊರಗೆ ಸರಿಯುವ ಹೊತ್ತಿಗೆ ನನಗೆ ಆ ಜಾಗ ಸಿಕ್ಕಿತು. ಬಂದ ಹಿಡಿಯನ್ನು ಒಳಗಿನದಕ್ಕೆ ಕೊಡು, ಇಷ್ಟೇ ಬರೆಯಬೇಕಿತ್ತು. ಆ ಗೂಡು ಬರೆದವನು ಅದೊಂದನ್ನು ಬರೆದಿರಲಿಲ್ಲ. ಬರೆದೆ. ಹಿಡಿಯ ಪಕ್ಕದಲ್ಲಿ 'ಒಳಕೋಣೆ' ಎಂದು ಮೂಡಿತು. ಭೋಂಗಾಕ್ಕೆ ಹೋದ ಕೋಣೆ ನನ್ನ ಬರಹದಿಂದ ಮತ್ತೆ ನಿಂತಿತ್ತು, ಒಳಗಿದ್ದವರು ಹಾಗೆ ಮರಳುವುದಿಲ್ಲ. ತೆರೆಯುವ ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲು ಆಗಲಿಲ್ಲ. ಒತ್ತುವವರೆಗೂ ಅಕ್ಕ ಇದ್ದಾಳೆ ಎಂದುಕೊಳ್ಳಬಹುದಲ್ಲ. ಅವ್ವ ಬಂದು ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.

ಬಾಗಿಲು ತೆರೆಯಿತು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಸೊಂಟದಿಂದ ಮೇಲೆ ಬಟ್ಟೆ ಇರಲಿಲ್ಲ. ಬಿಚ್ಚಿಟ್ಟ ಕುಲಾಯಿ, ದುಪ್ಪಟಿ, ಕುಪ್ಪಸ ಒಂದೂ ಉಳಿದಿರಲಿಲ್ಲ. ಕೂಸು ಅವಳ ಎದೆಗೆ ಕಪ್ಪೆಮರಿಯ ಹಾಗೆ ಅಂಟಿಕೊಂಡು ನಿದ್ದೆ ಮಾಡುತ್ತಿತ್ತು. ಅವಳ ಬೆನ್ನಿನಿಂದ ಸುತ್ತಿ ಬಂದ ಕರಿ ದಾರ ಕೂಸಿನ ಬೆನ್ನಿನ ಮೇಲೆ ಗಂಟಾಗಿತ್ತು. ಎಳೆದು ಕಟ್ಟಿದ್ದಕ್ಕೆ ಅವಳ ಪಕ್ಕೆಯಲ್ಲಿ ಗೆರೆ ಬಿದ್ದಿತ್ತು.

ನಾನು ಅಲ್ಲೇ ಕೂತು ಅತ್ತೆ. ಪರದೆಯ ಮೇಲೆ ಮೂಡಿದ್ದು ಕೂಸಿನದಲ್ಲ, ಅಕ್ಕನದೂ ಅಲ್ಲ. ಇಬ್ಬರೂ ಸೇರಿದ ಒಂದರದು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ದೊಡ್ಡವ್ವ ಮೆಲ್ಲನೆ ಬಂದು ಗಂಟಿಗೆ ಕೈ ಹಾಕಿದಳು. "ಬಿಚ್ಚತೀನವ್ವಾ, ಎಷ್ಟ ಬಿಗಿ ಆಗೇತಿ."

"ಮುಟ್ಟಬ್ಯಾಡ" ಎಂದಳು ಅಕ್ಕ. ದೊಡ್ಡವ್ವನಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಆಮೇಲೆ ಬಿಚ್ಚಿದಳು, ಸ್ನಾನ ಮಾಡಿದಳು, ಪಾಯಸ ಉಂಡಳು. ಆದರೆ ಮರುದಿನ ಮೊದಲ ಕೂಗು ಕೇಳಿಸಿದೊಡನೆ ಕುಪ್ಪಸ ಬಿಚ್ಚಿ, ಕೂಸನ್ನು ಎದೆಗವಚಿ, ಮತ್ತೆ ದಾರ ಸುತ್ತಿಕೊಂಡಳು. ನಾನು ಹೋಗಿ ಪರದೆ ತೋರಿಸಿದೆ. "ನೋಡಕ್ಕಾ, ಎಲ್ಲಾ ಸರಿ ಮಾಡೀನಿ. ಹಿಡಿ ಒಳಕೋಣಿತನಕ ನೆಟ್ಟಗ ಹೊಕ್ಕೈತಿ. ದಾರ ಈಗ ಬರೇ ದಾರ. ಅದರಾಗ ಏನೂ ಇಲ್ಲ."

"ನಿನ್ನ ಪರದಿ ನಿನ್ನೇನೂ ಹಸರ ತೋರಸ್ತಿತ್ತು" ಎಂದಳು. ಬಾಯಿ ಜೋರಿನವಳೆಂದು ಹೆಸರು ಪಡೆದ ನಾನು ಹೋಗಿ ಹಿಡಿಯನ್ನು ಇನ್ನೊಮ್ಮೆ ನೋಡಿದೆ.

ದಿನಾ ಅದೇ ನಡೆಯಿತು. ತೊಟ್ಟಿಲ ಮಾತು ಬಂದಾಗ ಅಕ್ಕ ತಲೆ ಅಲ್ಲಾಡಿಸಿದಳು. "ಹೆಸರ ಬ್ಯಾಡ. ಹೆಸರ ಇದ್ದಿದ್ದಿಲ್ಲ, ಅದಕ ಇಬ್ಬರನ್ನೂ ಒಂದಂತ ಹಿಡೀತು. ಹೆಸರಿಟ್ರ ಇದು ಬ್ಯಾರೆ ಆಗತೈತಿ, ನಾ ಬ್ಯಾರೆ ಆಗತೀನಿ. ಒಂದು ಹಿಡ್ಯಾಗ ಇಬ್ಬರು ಹಿಡಸಂಗಿಲ್ಲ."

ನಾನು ನಕ್ಕೆ. ಹೀಗೆಲ್ಲ ಆಗುವುದಿಲ್ಲ, ಕೋಡ್ ಹೆಸರು ನೋಡಿ ಹಿಡಿಯುವುದಿಲ್ಲ, ಕಟ್ಟಿದ್ದನ್ನು ಹಿಡಿಯುತ್ತದೆ ಎಂದು ವಿವರಿಸಿದೆ. ಕೋಣೆಯ ಹಿಡಿಯಲ್ಲೇ ಇಬ್ಬರೂ ಇರುವಾಗ ಬೇರೆ ಚಿಂತೆಯೇ ಬೇಡ ಎಂದೆ. ಅವ್ವನೂ ಹೂಂಗುಟ್ಟಿದಳು. ಹೆಸರಿಲ್ಲದ ಕೂಸನ್ನು ಎಷ್ಟು ದಿನ ಇಟ್ಟುಕೊಳ್ಳುವುದು, ಬೀಗರು ಏನೆಂದಾರು ಎಂದು ದೊಡ್ಡವ್ವನೂ ಮೆಲ್ಲಗೆ ಸೇರಿಸಿದಳು. ಮೂವರೂ ಸೇರಿ ಅಕ್ಕನನ್ನು ಒಪ್ಪಿಸಿದೆವು. ಒಪ್ಪಿದಳು ಎಂದರೆ ಮುಖ ತಿರುಗಿಸಿಕೊಂಡಳು.

ತೊಟ್ಟಿಲ ದಿನ ಭಾವನ ಅಕ್ಕ ಕಸ್ತೂರಕ್ಕ ಬಂದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ತೊಟ್ಟಿಲಿಗೆ ಹೂವು ಕಟ್ಟಿದ್ದರು, ಗುಗ್ಗರಿ ಬೆಂದಿತ್ತು, ಓಣಿಯ ಹೆಂಗಸರು ಪಡಸಾಲೆ ತುಂಬ ಕೂತಿದ್ದರು. ಕಸ್ತೂರಕ್ಕನ ಬಂಡಿ ತಡವಾಗಿದ್ದರಿಂದ ಭೋಂಗಾದ ಹೊತ್ತು ಹತ್ತಿರ ಬಂದಿತ್ತು. ಹೆಂಗಸರು ಬಾಗಿಲ ಕಡೆ ನೋಡತೊಡಗಿದ್ದರು. ಪರದೆಯಲ್ಲಿ ಹಸಿರು ದೀಪ ಇತ್ತು. ನಾನೇ ಮೂರು ಸಲ ನೋಡಿದ್ದೆ. ಅಕ್ಕ ಒಳಕೋಣೆಯಲ್ಲೇ, ತೆರೆದ ಬಾಗಿಲ ಬಳಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಯಾರನ್ನೂ ನೋಡುತ್ತಿರಲಿಲ್ಲ.

"ಲಗೂನ ಮುಗಸೋಣ್ರಿ" ಎಂದು ಕಸ್ತೂರಕ್ಕ ಬಗ್ಗಿ, ಕೂಸಿನ ಕಿವಿಗೆ ಬಾಯಿ ತಂದು, ಕುರ್ರ್ ಎಂದರು. ಕೂಸು ಕಣ್ಣು ಬಿಟ್ಟಿತು. ಅವರು ಹೆಸರು ಹೇಳಲು ಉಸಿರು ಎಳೆದುಕೊಂಡರು. ಆಗಲೇ ಹೊರಗೆ ಮೊದಲ ಸಣ್ಣ ಕೂಗು ಕೇಳಿಸಿತು.

ಎಲ್ಲವೂ ಸರಿಯಾಗಿದೆ ಎಂದು ನನಗೆ ಗೊತ್ತಿತ್ತು. ಆ ಕೋಣೆ ಬರೆದವಳು ನಾನು, ಆ ಗೂಡು ತಿದ್ದಿದವಳು ನಾನು. ಆದರೂ ನನ್ನ ಕೈ ಮುಂದೆ ಹೋಗಿ ಕೂಸಿನ ಕಿವಿಯನ್ನು ಗಟ್ಟಿಯಾಗಿ ಮುಚ್ಚಿತು.

"ಯಾಕ ಚಂಪಾ, ಏನಾತ?" ಎಂದರು ಕಸ್ತೂರಕ್ಕ.

"ಇವತ್ತ ಬ್ಯಾಡ್ರಿ" ಎಂದೆ.

ಅಕ್ಕ ಅಷ್ಟರಲ್ಲಾಗಲೇ ಕುಪ್ಪಸದ ಗುಂಡಿ ಬಿಚ್ಚುತ್ತಿದ್ದಳು. ನಾನು ತಟ್ಟೆಯಲ್ಲಿದ್ದ ಕರಿ ದಾರ ತೆಗೆದುಕೊಂಡು, ಅವಳ ಬೆನ್ನ ಹಿಂದೆ ಕೂತು, ಇಬ್ಬರನ್ನೂ ಸೇರಿಸಿ ಸುತ್ತತೊಡಗಿದೆ.